ಮಿಶನ್ನಿನ ಮಿತ್ರರೊಬ್ಬರು

ಮಿಶನರಿಗಳನ್ನು ಕುರಿತು ಮಾತು ಬಂದಾಗ ನಮ್ಮ ಸಾಹಿತ್ಯಸಭೆಗಳಲ್ಲಿ ಒಂದು ವಾಡಿಕೆಯುಂಟು. ಕಿಟೆಲರ ನಿಘಂಟಿಗೆ ಕೈಮುಗಿಯುತ್ತೇವೆ. ‘ಅವರು ಬಂದ ಉದ್ದೇಶ ಬೇರೆಯಾಗಿದ್ದರೂ’ ಎಂಬ ಅರ್ಧವಾಕ್ಯವನ್ನು ಸೇರಿಸಿ ಮುಂದೆ ಸಾಗುತ್ತೇವೆ. ತರಗತಿಯಲ್ಲಿ ನಾನೂ ಅದನ್ನು ವರ್ಷ ವರ್ಷ ಹೇಳಿದವನೇ. ಕಳೆದ ಶ್ರಾವಣದಲ್ಲಿ ಮಿತ್ರರೊಬ್ಬರು ತೀರಿಕೊಂಡ ಮೇಲೆ ಅದೇಕೋ ಬಾಯಿಗೆ ಬರುತ್ತಿಲ್ಲ.

ಅವರು ನನಗಿಂತ ಹದಿನೈದು ವರ್ಷ ಹಿರಿಯರು. ಧಾರವಾಡದ ಕಡೆಯ ಊರೊಂದರಲ್ಲಿ ಮಿಶನ್ನಿನ ಹುಡುಗರ ವಸತಿನಿಲಯವನ್ನು ನೋಡಿಕೊಳ್ಳುತ್ತಿದ್ದರು. ತಾವು ಕ್ರೈಸ್ತರೆಂಬುದನ್ನಾಗಲಿ, ಕ್ರಿಸ್ತನ ಮಾತನ್ನು ಹತ್ತು ಜನಕ್ಕೆ ತಿಳಿಸುವುದೇ ತಮ್ಮ ಬಾಳಿನ ಕೆಲಸವೆಂಬುದನ್ನಾಗಲಿ ಅವರು ಎಂದೂ ಮರೆಮಾಡಲಿಲ್ಲ. ಆದರೆ ದಿನದ ಬಹುಭಾಗ ಹೋಗುತ್ತಿದ್ದುದು ಹುಡುಗರ ಪರೀಕ್ಷಾ ಶುಲ್ಕ, ಹರಿದ ಚಪ್ಪಲಿ, ತಪ್ಪು ಲೆಕ್ಕ, ಊರಿಗೆ ಬರೆಯಬೇಕಾದ ಕಾಗದ ಇವುಗಳಲ್ಲಿ. ರಜೆಗೆ ಹೊರಟ ಹುಡುಗನಿಗೆ ಅವರದೊಂದು ಕಟ್ಟಪ್ಪಣೆ: “ಬರುವಾಗ ನಿಮ್ಮ ಅಜ್ಜಿಯ ಬಾಯಿಂದ ಒಂದು ಮಾತು ತಾ.” ತಂದ ಮಾತನ್ನು ಉದ್ದನೆಯ ಪುಸ್ತಕವೊಂದರಲ್ಲಿ ಹುಡುಗನ ಕೈಯಿಂದಲೇ ಬರೆಸಿ, ಎದುರಿಗೆ ಅವನ ಊರಿನ ಹೆಸರನ್ನು ಹಾಕಿಸುವರು. ಕೂರಿಗೆಯ ಭಾಗಗಳ ಹೆಸರು, ಎತ್ತಿನ ಬಣ್ಣಗಳ ಹೆಸರು, ಎಂ.ಎ. ಓದಿದ ನನಗೆ ಗೊತ್ತಿಲ್ಲದ ಎಷ್ಟೋ ಮಾತುಗಳು ಅಲ್ಲಿದ್ದವು. ತನ್ನ ಮನೆಯ ಮಾತು ಪುಸ್ತಕಕ್ಕೆ ಏರಿತೆಂಬ ಹಿಗ್ಗಿನಲ್ಲಿ ಹುಡುಗ ಮರುದಿನದಿಂದ ತಲೆಯೆತ್ತಿ ಮಾತನಾಡುತ್ತಿದ್ದ.

ಈ ಪದ್ಧತಿ ಕಿಟೆಲರದೇ ಎಂದು ಅವರು ನಗುತ್ತಿದ್ದರು. 1853ರಲ್ಲಿ ಬಂದ ಆ ಜರ್ಮನ್ ತರುಣ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತನ್ನ ನಿಘಂಟಿಗೆ ಕಾವ್ಯಗಳನ್ನು ಶೋಧಿಸಿದಂತೆ ಜನರಾಡುವ ಗಾದೆಗಳನ್ನೂ ಶೋಧಿಸಿದರು. ಅವರಿಗೂ ಹಿಂದೆ, 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಮೋಗ್ಲಿಂಗರು ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚು ಹಾಕಿಸಿದರು. ಪರಮತದವರ ಹಾಡಿಗೆ ಕಿವಿಗೊಡುವ ತಾಳ್ಮೆ ಬೇರೆಲ್ಲಿಂದಲೋ ಬಂದದ್ದು, ಧರ್ಮಶ್ರದ್ಧೆ ಬೇರೆಯದು ಎಂದು ನಾವು ಸೀಳುವುದು ಸುಲಭ. ಇಬ್ಬರ ಬಾಳಿನಲ್ಲೂ ಅವು ಹಾಗೆ ಸೀಳಿಕೊಂಡಿರಲಿಲ್ಲವೆಂದು ಈಗ ನನಗೆ ತೋರುತ್ತದೆ. ಫಲವನ್ನು ಮಾತ್ರ ತೆಗೆದುಕೊಂಡು ಮರದ ಹೆಸರೆತ್ತಲು ಸಂಕೋಚಪಡುವುದು ಕೃತಜ್ಞತೆಯ ಲಕ್ಷಣವಲ್ಲ.

ಹಾಗೆಂದು ಮರವನ್ನು ಪೂಜಿಸಬೇಕೆಂದೂ ಅಲ್ಲ. ಮೋಗ್ಲಿಂಗರ ಶಾಲೆಯಲ್ಲಿ ಕಲಿತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ನಾನು ಒಮ್ಮೆ ಅದನ್ನೇ ಹಿಡಿದು ವಾದಕ್ಕೆ ನಿಂತೆ: ಕಲಿಸುವ ಕೈಯಲ್ಲಿ ಗಾಳವಿದ್ದರೆ ಅದು ಕಲಿಸಿದಂತಾಯಿತೆ? ಮಿತ್ರರು ಸಿಟ್ಟಾಗಲಿಲ್ಲ. “ಗುರುವಿನ ಸಂತೋಷವನ್ನು ನಮ್ಮವರು ಬರೆದಿಟ್ಟರು. ಆ ಮನೆಯ ರಾತ್ರಿಯನ್ನೂ ನಾನು ನೆನೆಯಬೇಕಲ್ಲ” ಎಂದಷ್ಟೇ ಹೇಳಿದರು.

ಅದು ಬರಿಯ ಮಾತಾಗಿರಲಿಲ್ಲ. ಅವರ ನಿಲಯದ ಹುಡುಗನೊಬ್ಬ ತಾನು ಕ್ರೈಸ್ತನಾಗುತ್ತೇನೆಂದಾಗ, “ಮೊದಲು ನಿನ್ನ ತಂದೆಗೆ ಹೇಳು. ಅವರ ಮುಂದೆ ಆಡಲಾರದ ಮಾತನ್ನು ದೇವರ ಮುಂದೆಯೂ ಆಡಬೇಡ” ಎಂದು ಊರಿಗೆ ಕಳಿಸಿದರು. ಆಗ ನಾನು ಪಕ್ಕದಲ್ಲೇ ಕುಳಿತಿದ್ದೆ. ವಾರದೊಳಗೆ ತಂದೆ ನಾಲ್ಕಾರು ಜನ ಹಿರಿಯರೊಡನೆ ಬಂದು, ಮಗನ ತಲೆ ಕೆಡಿಸಿದಿರೆಂದು ಕೂಗಾಡಿದರು. ಮಿತ್ರರು ನಡೆದದ್ದನ್ನು ಹೇಳಿದರು, ಯಾರೂ ನಂಬಲಿಲ್ಲ. ಹಿರಿಯರಲ್ಲೊಬ್ಬರು ನನ್ನತ್ತ ತಿರುಗಿ, “ಮಾಸ್ತರ, ನೀವರ ಹೇಳ್ರಿ” ಎಂದರು.

“ನನಗೇನೂ ಗೊತ್ತಿಲ್ಲ” ಎಂದೆ. ನನಗೆ ಕಾಲೇಜಿನ ಭಯ, ಊರಿನ ಭಯ. ಆ ಹೊತ್ತಿನಲ್ಲಿ ಅದಕ್ಕೆ ವಿವೇಕವೆಂದು ಹೆಸರಿಟ್ಟುಕೊಂಡೆ. ತಂದೆ ಹುಡುಗನ ಪೆಟ್ಟಿಗೆಯನ್ನು ಹೊತ್ತುಕೊಂಡು ಹೊರಟರು. ಆ ವರ್ಷ ಅವನ ಓದು ನಿಂತಿತು. ಅಂದು ಸಂಜೆ ಮಿತ್ರರು ಎಂದಿನಂತೆ ಚಹ ಸೋಸಿ ಕೊಟ್ಟು, ನನ್ನ ಪ್ರಬಂಧ ಎಲ್ಲಿಗೆ ಬಂತೆಂದು ಕೇಳಿದರು. ಆ ಮಾತನ್ನು ಆಮೇಲೆ ಎಂದೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಹುಡುಗನಿಗೆ ಮಾತ್ರ ತಿಂಗಳಿಗೊಂದು ಕಾಗದ ಹೋಗುತ್ತಿತ್ತು. ಮತದ ವಿಷಯ ಒಂದಕ್ಷರವಿಲ್ಲ, ಪಾಠದ ವಿಷಯವೊಂದೇ. ತಂದೆ ಮೊದಲು ಓದಿ ಆಮೇಲೆ ಮಗನಿಗೆ ಕೊಡಲೆಂದು ಲಕೋಟೆಯನ್ನು ಅಂಟಿಸದೆ ಕಳಿಸುತ್ತಿದ್ದರು. ಮರುವರ್ಷ ಹುಡುಗ ಪರೀಕ್ಷೆಗೆ ಕುಳಿತು ಪಾಸಾದ. ಅವನು ಕ್ರೈಸ್ತನಾಗಲಿಲ್ಲ.

ಶವಸಂಸ್ಕಾರದ ದಿನ ಜಿಟಿಜಿಟಿ ಮಳೆ. ದೇವಾಲಯದ ಹೊರಗೆ, ಕೊಡೆಯಿಲ್ಲದೆ, ಆ ತಂದೆ ನಿಂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವರಿಗೆ ನನ್ನ ಗುರುತು ಸಿಕ್ಕಲಿಲ್ಲ. “ನೀವು ಇವರಿಗೆ ಏನಾಗಬೇಕ್ರಿ?” ಎಂದು ಕೇಳಿದರು. ಗೆಳೆಯನೆಂದು ಹೇಳಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.