ಕೈ ಹಿಡಿಯುವುದೇ ಬೇರೆ, ಮುಂಗೈ ಹಿಡಿದು ಎಳೆಯುವುದೇ ಬೇರೆ



ನಮ್ಮ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದು, ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಅರ್ಧ ಗಂಟೆ ಮಾತು ಇರುತ್ತದೆ. ಹಿಂದೆ ಆ ಮಾತು ನೀರಿನದು, ರೇಷನ್ನಿನದು, ಯಾರದೋ ಮನೆಯ ಅತ್ತೆಯದು. ಈಗ ಅದರಲ್ಲಿ ಕೊರಿಯಾ ದೇಶವೂ ಸೇರಿಕೊಂಡಿದೆ. 2020ರಲ್ಲಿ ಕೊರೊನಾ ಬಂದು ಎಲ್ಲರೂ ಮನೆಯೊಳಗೆ ಕೂತಾಗ ಮಕ್ಕಳ ಮೊಬೈಲಿಗೆ ಬಂದ ಕೊರಿಯಾದ ಪ್ರೇಮದ ಧಾರಾವಾಹಿಗಳು ಆಮೇಲೆ ಹೋಗಲೇ ಇಲ್ಲ. ಹಿಂದಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಮಾತು ಕೂಡಿಸಿದ್ದನ್ನು ಮಕ್ಕಳು ನೋಡುತ್ತಾರೆ. ಅವರ ಪಕ್ಕ ಕೂತು ನಾವೂ ನೋಡುತ್ತೇವೆ. ನಾನೂ ನೋಡುತ್ತೇನೆ. ಆದ್ದರಿಂದ ಇದು ನೋಡದವಳೊಬ್ಬಳು ನೋಡುವವರಿಗೆ ಹೇಳುವ ಬುದ್ಧಿಮಾತಲ್ಲ.

ನಮ್ಮನ್ನು ನೋಡಿ ನಗುವವರಿಗೆ ಮೊದಲು ಉತ್ತರ ಕೊಡುತ್ತೇನೆ. "ಮಾಡಲು ಕೆಲಸವಿಲ್ಲ, ಸಣ್ಣ ಕಣ್ಣಿನ ಹುಡುಗರನ್ನು ನೋಡುತ್ತಾ ಕೂತಿದ್ದಾರೆ" ಎಂದು ಮನೆಯ ಗಂಡಸರು ಹಂಗಿಸುತ್ತಾರೆ. ನಾವು ಯಾಕೆ ನೋಡುತ್ತೇವೆ ಎಂದು ಅವರು ಒಮ್ಮೆಯಾದರೂ ಕೇಳಿದ್ದಾರೆಯೆ? 2019ರ ಕೊನೆಯಲ್ಲಿ ಶುರುವಾದ 'ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು' ಧಾರಾವಾಹಿಯಲ್ಲಿ ಉತ್ತರ ಕೊರಿಯಾದ ಸೈನ್ಯದ ಅಧಿಕಾರಿಯೊಬ್ಬ ತನ್ನ ಮನೆಯಲ್ಲಿ ಆಶ್ರಯ ಪಡೆದ ಹೆಣ್ಣಿಗೆ ತಾನೇ ಶಾವಿಗೆ ಮಾಡಿ ಬಡಿಸುತ್ತಾನೆ. ಅವಳಿಗೆ ಕಾಫಿ ಬೇಕೆಂದು ಬೀಜ ಹುರಿದು ಪುಡಿ ಮಾಡುತ್ತಾನೆ. 2025ರ 'ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್' ಜೇಜು ಎಂಬ ದ್ವೀಪದ ಬಡವರ ಕಥೆ. ಅಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಇನ್ನೊಂದು ಕಡೆ ಊಟಕ್ಕೆ ಕೂತಿರುತ್ತಾರೆ. ಗ್ವಾನ್-ಶಿಕ್ ಎಂಬ ಹುಡುಗ ಗಂಡಸರ ಪಂಕ್ತಿಗೆ ಬೆನ್ನು ಮಾಡಿ ಹೆಂಡತಿಯ ಕಡೆಗೆ ತಿರುಗಿ ಕೂತು ಉಣ್ಣುತ್ತಾನೆ. ಅಷ್ಟೇ, ಕೂತವನು ತಿರುಗಿ ಕೂತ. ಅದನ್ನು ನೋಡಿ ನಮ್ಮ ಸಂಘದ ಒಬ್ಬ ಹಿರಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಲವತ್ತು ವರ್ಷ ಎಲ್ಲರೂ ಉಂಡ ಮೇಲೆ ತಳ ಕೆರೆದು ಉಂಡವರು ಅವರು. ನಗುವವರು ಆ ಕಣ್ಣೀರಿಗೆ ಏನು ಹೇಳುತ್ತಾರೆ?

ಇನ್ನೊಂದು ಕಾರಣವೂ ಇದೆ, ಅದು ಇದಕ್ಕಿಂತ ದೊಡ್ಡದು. ಈ ಧಾರಾವಾಹಿಗಳಲ್ಲಿ ಹುಡುಗಿ ಏನನ್ನೂ ತರುವುದಿಲ್ಲ. 2009ರ 'ಬಾಯ್ಸ್ ಓವರ್ ಫ್ಲವರ್ಸ್' ಕಥೆಯ ಜಾನ್-ದಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯವರ ಮಗಳು. 2013ರ 'ದಿ ಹೇರ್ಸ್' ಕಥೆಯ ಹುಡುಗಿಯ ತಾಯಿ ಮಾತು ಬಾರದವಳು, ನಾಯಕನ ಮನೆಯಲ್ಲೇ ಉಳಿದು ಮನೆಗೆಲಸ ಮಾಡುವವಳು. ಅಂಥ ಮನೆಯ ಹುಡುಗಿಯನ್ನು ದೇಶದ ದೊಡ್ಡ ಸಾಹುಕಾರನ ಮಗ ಮೆಚ್ಚುತ್ತಾನೆ. ಎಷ್ಟು ತೊಲ, ಯಾವ ಬೈಕು, ಛತ್ರದ ಖರ್ಚು ಯಾರದು ಎಂದು ಯಾರೂ ಕೇಳುವುದಿಲ್ಲ. ಹುಡುಗನ ತಾಯಿಯೇ ಹಣದ ಲಕೋಟೆ ತಂದು "ನನ್ನ ಮಗನನ್ನು ಬಿಟ್ಟುಬಿಡು" ಎನ್ನುತ್ತಾಳೆ. "ಅಯ್ಯೋ, ಈ ಅತ್ತೆಯೇ ವಾಸಿ ಕಣ್ರೇ, ಕೇಳುವ ಬದಲು ಕೊಡುತ್ತಾಳಲ್ಲ" ಎಂದು ನಾವು ಬಿದ್ದು ಬಿದ್ದು ನಕ್ಕಿದ್ದೇವೆ. ಜಾನ್-ದಿಯ ಅಮ್ಮ ಹಾಗೆ ಹಣ ತಂದವಳ ತಲೆಯ ಮೇಲೆ ಉಪ್ಪು ಸುರಿದು ಕಳಿಸುತ್ತಾಳೆ. ಉಪ್ಪು ನೀವಳಿಸಿ ದೃಷ್ಟಿ ತೆಗೆಯುವ ನಮಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮಗಳು ಹುಟ್ಟಿದ ದಿನದಿಂದ ಚಿನ್ನದ ಲೆಕ್ಕ ಹಾಕುವ ಮನೆಯಲ್ಲಿ ಬೆಳೆದವರಿಗೆ, ಬರಿಗೈಯಲ್ಲಿ ಬಂದವಳನ್ನೂ ಮೆಚ್ಚುವ ಗಂಡು ಎಂಬ ಕನಸು ಎಷ್ಟು ಸಿಹಿ ಎಂಬುದು ನನಗೆ ಗೊತ್ತು. ಆದರೆ ಗೆಳತಿಯರೇ, ಆ ಹುಡುಗಿ ನಿಜವಾಗಿಯೂ ಏನೂ ಕೊಡುವುದಿಲ್ಲವೆ? ಕಣ್ಣು ಬಿಟ್ಟು ನೋಡಿ. ಅವಳು ಕೊಡುವುದು ಚಿನ್ನವಲ್ಲ, ತನ್ನ 'ಬೇಡ' ಎಂಬ ಮಾತನ್ನು. ಆ ಕಥೆಗಳಲ್ಲಿ ಅದೇ ವರದಕ್ಷಿಣೆ.

ಜಾನ್-ದಿಯನ್ನು ಪ್ರೀತಿಸುವ ಜುನ್-ಪ್ಯೊ ಮೊದಲು ಮಾಡುವ ಕೆಲಸ ಏನು? ಶಾಲೆಯವರೆಲ್ಲ ಸೇರಿ ಅವಳನ್ನು ಹಿಂಸಿಸುವಂತೆ ಕೆಂಪು ಚೀಟಿ ಅಂಟಿಸುವುದು. ಆಮೇಲೆ ಮನಸ್ಸಾದಾಗ ತನ್ನ ಆಳುಗಳಿಂದ ಅವಳನ್ನು ಹೊತ್ತು ತರಿಸಿ, ತನಗೆ ಬೇಕಾದ ಬಟ್ಟೆ ಉಡಿಸುವುದು. 2010ರ 'ಸೀಕ್ರೆಟ್ ಗಾರ್ಡನ್' ಕಥೆಯ ನಾಯಕಿ ಸಿನಿಮಾಗಳಲ್ಲಿ ಹೊಡೆದಾಟದ ದೃಶ್ಯ ಮಾಡಿ ಹೊಟ್ಟೆ ಹೊರೆಯುವವಳು. ಹತ್ತು ಗಂಡಸರನ್ನು ಕೆಡವಬಲ್ಲ ಆ ಹೆಣ್ಣು ಬೇಡ ಎಂದರೂ ನಾಯಕ ಮುತ್ತಿಡುತ್ತಾನೆ. ಆಗ ಅವಳ ತೋಳಿನ ಬಲವೆಲ್ಲ ಎಲ್ಲಿ ಹೋಯಿತೆಂದು ಕಥೆ ಕೇಳುವುದಿಲ್ಲ, ಹಿನ್ನೆಲೆಯಲ್ಲಿ ಹಾಡು ಬರುತ್ತದೆ. ಆ ಕಾಲದ ಯಾವ ಧಾರಾವಾಹಿಯನ್ನೇ ನೋಡಿ, ಸಿಟ್ಟು ಬಂದ ನಾಯಕ ಹುಡುಗಿಯ ಮುಂಗೈ ಹಿಡಿದು ದರದರ ಎಳೆದುಕೊಂಡು ಹೋಗುತ್ತಾನೆ. ಕೆಲವೊಮ್ಮೆ ಇಬ್ಬರು ಹುಡುಗರು ಒಂದೊಂದು ಮುಂಗೈ ಹಿಡಿದು ನಿಲ್ಲುತ್ತಾರೆ. ನಡುವೆ ನಿಂತವಳನ್ನು ಇಬ್ಬರೂ ಕೇಳುವುದಿಲ್ಲ.

ನಾನು ಇಷ್ಟೆಲ್ಲ ಹೇಳಲು ಕಾರಣ ನನ್ನ ಮುಂಗೈ. ನನ್ನ ಮದುವೆಗೆ ಅಪ್ಪ ಐದು ತೊಲ ಚಿನ್ನ, ಒಂದು ಬೈಕು ಕೊಟ್ಟರು. ಅಪ್ಪನ ಹೊಲದ ಒಂದು ಭಾಗ ಅದಕ್ಕೇ ಹೋಯಿತು. ಮದುವೆಯಾದ ಎರಡನೇ ತಿಂಗಳಲ್ಲಿ, ಬಾಕಿ ಉಳಿದ ಹಣ ತರಲು ತವರಿಗೆ ಹೋಗುವುದಿಲ್ಲ ಎಂದೆ. ಅವನು ಹೊಡೆಯಲಿಲ್ಲ. ಮುಂಗೈ ಹಿಡಿದು ಅಡುಗೆಮನೆಯಿಂದ ಬೀದಿ ಬಾಗಿಲಿನವರೆಗೆ ಎಳೆದುಕೊಂಡು ಬಂದ. ಹಸಿರು ಬಳೆ ಒಡೆದು ಚರ್ಮದೊಳಗೆ ಹೋಯಿತು. ಹೊಡೆತ, ಒದೆತ ಎಲ್ಲ ಬಂದದ್ದು ಆಮೇಲೆ. ಪಂಚಾಯ್ತಿ ಸೇರಿದಾಗ ಹಿರಿಯರು ಹೇಳಿದ್ದು ಒಂದೇ ಮಾತು: "ಹುಡುಗನ ಮನಸ್ಸು ಒಳ್ಳೆಯದು, ಸ್ವಲ್ಪ ಕೋಪ ಜಾಸ್ತಿ. ನೀನೇ ಹೊಂದಿಕೊಂಡು ಹೋದರೆ ಬದಲಾಗುತ್ತಾನೆ." ಎಂಟು ವರ್ಷ ಹೊಂದಿಕೊಂಡೆ. ಅವನು ಬದಲಾಗಲಿಲ್ಲ. ನಾನು ಹೊರಗೆ ಬಂದೆ.

ಈಗ ಹೇಳಿ, ಈ ಧಾರಾವಾಹಿಗಳು ಇಪ್ಪತ್ತು ಕಂತುಗಳಲ್ಲಿ ಹೇಳುವುದು ಆ ಪಂಚಾಯ್ತಿಯ ಮಾತನ್ನೇ ಅಲ್ಲವೆ? ಹುಡುಗ ಒರಟ, ಆದರೆ ಒಳಗೆ ಒಳ್ಳೆಯವನು. ಚಿಕ್ಕಂದಿನಲ್ಲಿ ನೊಂದವನು. ಹುಡುಗಿ ತಾಳಿಕೊಂಡರೆ ಅವಳ ಪ್ರೀತಿಯಿಂದ ತಿದ್ದಿಕೊಳ್ಳುತ್ತಾನೆ. ಪಂಚಾಯ್ತಿಯ ಹಿರಿಯರ ಮಾತಿಗೆ ನಾವು ಎದುರು ಹೇಳಲು ಕಲಿತಿದ್ದೇವೆ. ಅದೇ ಮಾತು ಚಂದದ ಮುಖ, ಚಂದದ ಕೋಟು ಹಾಕಿಕೊಂಡು ಬಂದರೆ ಬಾಯಿ ತೆರೆದು ನೋಡುತ್ತೇವೆ.

"ಅದು ಬರೀ ಕಥೆ, ಅಷ್ಟೇಕೆ ತಲೆ ಕೆಡಿಸಿಕೊಳ್ಳುತ್ತೀಯ?" ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಕಳೆದ ದೀಪಾವಳಿಗೆ ನನ್ನ ಅಕ್ಕನ ಮಗಳು ಬಂದಿದ್ದಳು. ಪಟ್ಟಣದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ, ಇಪ್ಪತ್ತೆರಡು ವರ್ಷ. ಅಕ್ಕಿ ಹಿಟ್ಟು ಕಲಸುವಾಗ ಅವಳ ಮುಂಗೈಯಲ್ಲಿ ನಾಲ್ಕು ಬೆರಳಿನ ಗುರುತು ಕಂಡಿತು. ಏನೇ ಇದು ಎಂದೆ. ನಾಚಿಕೊಂಡಳು. ಒಬ್ಬ ಹುಡುಗ ಇದ್ದಾನೆ, ವರದಕ್ಷಿಣೆ ಬೇಡವೇ ಬೇಡ ಎನ್ನುತ್ತಾನೆ, ಅವಳು ಜೊತೆಯ ಕೆಲಸಗಾರನ ಹತ್ತಿರ ನಗುತ್ತಾ ಮಾತಾಡಿದ್ದಕ್ಕೆ ಬಸ್ ನಿಲ್ದಾಣದಲ್ಲಿ ಎಲ್ಲರ ಮುಂದೆ ಎಳೆದುಕೊಂಡು ಹೋದ. "ಥೇಟ್ ಸೀರಿಯಲ್ ತರಹವೇ ಇತ್ತು ಚಿಕ್ಕಮ್ಮ" ಎಂದಳು. ಗೆಳತಿಯರೇ, ಅವಳು ನಗುತ್ತಿದ್ದಳು. ಆ ವಯಸ್ಸಿನಲ್ಲಿ ನನ್ನ ಮುಂಗೈ ನೋಡಿಕೊಂಡು ನಾನು ಅತ್ತಿದ್ದೆ. ಇವಳಿಗೆ ಅಳಬೇಕೆಂಬುದೇ ಗೊತ್ತಾಗದಂತೆ ಮಾಡಿದವರು ಯಾರು?

ಕೊರಿಯಾದ ಧಾರಾವಾಹಿಯೊಂದೇ ಮಾಡಿತು ಎಂದು ನಾನು ಹೇಳುವುದಿಲ್ಲ. ಬೇಡ ಎಂದವಳ ಬೆನ್ನು ಹತ್ತಿ ಹಾಡು ಹೇಳುವ ನಾಯಕರನ್ನು ನಮ್ಮ ಸಿನಿಮಾಗಳು ಎಂದಿನಿಂದಲೋ ತೋರಿಸುತ್ತಿವೆ. ಆದರೆ ನಮ್ಮ ಹುಡುಗಿಯರು "ಅಲ್ಲಿಯ ಗಂಡಸರು ನಮ್ಮವರ ಹಾಗಲ್ಲ" ಎಂದು ನಂಬಿದ್ದಾರೆ. ಹಾಗಾದರೆ ಅಲ್ಲಿಯ ಹೆಂಗಸರು ಏನು ಹೇಳುತ್ತಾರೆ, ಸ್ವಲ್ಪ ಕೇಳೋಣ.

ಅಲ್ಲೂ ಮದುವೆಗೆ ಲೆಕ್ಕ ಇದೆ. ಮನೆಯ ವ್ಯವಸ್ಥೆ ಗಂಡಿನ ಕಡೆಯವರದು, ಒಳಗಿನ ಸಾಮಾನು ಹೆಣ್ಣಿನ ಕಡೆಯವರದು ಎಂಬುದು ರೂಢಿ. ಅದರ ಮೇಲೆ ಹೆಣ್ಣಿನ ಕಡೆಯವರು ಗಂಡನ ಮನೆಯವರಿಗೆ ಬಟ್ಟೆ, ಹಾಸಿಗೆ, ಹಣ ಒಪ್ಪಿಸಬೇಕು, ಅದಕ್ಕೆ ಯೆದಾನ್ ಎನ್ನುತ್ತಾರೆ. ಡಾಕ್ಟರೋ ವಕೀಲನೋ ಅಳಿಯ ಬೇಕಿದ್ದರೆ ಮೂರು ಬೀಗದ ಕೈ ಕೊಡಬೇಕು ಎಂಬ ಮಾತೇ ಅಲ್ಲಿ ಚಾಲ್ತಿಯಲ್ಲಿತ್ತು: ಮನೆಯದೊಂದು, ಕಾರಿನದೊಂದು, ಆಸ್ಪತ್ರೆಯದೋ ಕಚೇರಿಯದೋ ಇನ್ನೊಂದು. ಕೇಳಿದ ಮಾತಿನ ಹಾಗಿದೆಯಲ್ಲವೆ? ಗಂಡಸೇ ಮನೆಯ ಯಜಮಾನ, ಹೆಂಡತಿ ಮಕ್ಕಳೆಲ್ಲ ಅವನ ಹೆಸರಿನ ಕೆಳಗೆ ಎಂಬ ಕಾನೂನು ಅಲ್ಲಿ 2008ರವರೆಗೂ ಇತ್ತು. 2005ರಲ್ಲಿ ಅಲ್ಲಿಯ ಸಂವಿಧಾನ ನ್ಯಾಯಾಲಯ ಅದು ಸಲ್ಲದು ಎಂದ ಮೇಲೆ ಹೋಯಿತು. ಕೂಲಿಯಲ್ಲಿಯೂ ಅಷ್ಟೆ. ಗಂಡಸಿಗೆ ನೂರು ಬಂದರೆ ಹೆಂಗಸಿಗೆ ಸುಮಾರು ಎಪ್ಪತ್ತು; ಒಇಸಿಡಿ ಎಂಬ ಮುಂದುವರಿದ ದೇಶಗಳ ಕೂಟದಲ್ಲೇ ಇದು ಅತಿ ದೊಡ್ಡ ಅಂತರ. ಜಗತ್ತಿಗೆಲ್ಲ ಪ್ರೇಮದ ಕನಸು ಮಾರುವ ಆ ದೇಶದಲ್ಲಿ ಮದುವೆಯೇ ಬೇಡ, ಮಕ್ಕಳೇ ಬೇಡ ಎನ್ನುವ ಹೆಣ್ಣುಮಕ್ಕಳು ಹೆಚ್ಚಿದ್ದಾರೆ. 2023ರಲ್ಲಿ ಅಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 0.72 ಮಗು, ಅಂದರೆ ಒಂದೂ ಅಲ್ಲ. ಮನೆಯ ಬೆಲೆ, ದುಡಿಮೆಯ ಹೊತ್ತು ಹೀಗೆ ಕಾರಣ ಹಲವು ಇವೆ. ಮನೆಗೆಲಸವೆಲ್ಲ ಹೆಣ್ಣಿನ ತಲೆಗೇ ಬೀಳುವುದೂ ಒಂದು ಕಾರಣ.

ಅವರು ಸುಮ್ಮನೆ ಕೂತಿಲ್ಲ ಎಂಬುದನ್ನೂ ಹೇಳಬೇಕು. ಹೊಡೆತ ತಿಂದ ಹೆಂಗಸರ ಕರೆಗೆ ಓಗೊಡಲು 1983ರಲ್ಲೇ ಕೊರಿಯಾ ವಿಮೆನ್ಸ್ ಹಾಟ್‌ಲೈನ್ ಎಂಬ ಸಂಘಟನೆ ಕಟ್ಟಿದರು. ಮನೆಯೊಳಗಿನ ಹಿಂಸೆಯ ವಿರುದ್ಧ 1997ರಲ್ಲಿ ಕಾಯ್ದೆ ಬಂತು. ನಮ್ಮದು ಬಂದದ್ದು 2005ರಲ್ಲಿ. ಗಂಡನಾದರೂ ಬಲಾತ್ಕಾರ ಬಲಾತ್ಕಾರವೇ ಎಂದು 2013ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ 2023ರ ಭಾರತೀಯ ನ್ಯಾಯ ಸಂಹಿತೆ ಗಂಡನಿಗೆ ಕೊಟ್ಟಿದ್ದ ವಿನಾಯಿತಿಯನ್ನು ಹಾಗೆಯೇ ಉಳಿಸಿಕೊಂಡಿತು. ಬೇಡ ಎಂದರೂ ಬೆನ್ನು ಹತ್ತುವುದು ಮಾತ್ರ ನಮ್ಮಲ್ಲಿ 2013ರಲ್ಲೇ ಅಪರಾಧವಾಯಿತು, ಅವರಲ್ಲಿ ಅದಕ್ಕೆ ಬೇರೆ ಕಾಯ್ದೆ ಬಂದದ್ದು 2021ರಲ್ಲಿ. ಅಲ್ಲಿಯವರೆಗೆ ಅದು ಸಣ್ಣ ದಂಡ ಕಟ್ಟಿ ಮುಗಿಸುವ ತಪ್ಪು. ಧಾರಾವಾಹಿಯಲ್ಲಿ ಪ್ರೀತಿ ಎಂದು ತೋರಿಸಿದ್ದೇ ಬೀದಿಯಲ್ಲಿ ಹೆಣ್ಣಿನ ಜೀವ ತೆಗೆಯಬಲ್ಲದು ಎಂದು ಅವರು ಕೂಗಿ ಹೇಳಬೇಕಾಯಿತು.

ಮುಂಗೈ ಎಳೆಯುವುದು, ಗೋಡೆಗೆ ಒತ್ತುವುದು ಪ್ರೀತಿಯಲ್ಲ, ಹಿಂಸೆ ಎಂದು ಅಲ್ಲಿಯ ಹೆಂಗಸರು ಹೇಳುತ್ತಾ ಬಂದರು. ಕಥೆಗಳೂ ನಿಧಾನವಾಗಿ ಬದಲಾಗುತ್ತಿವೆ. 'ಸೀಕ್ರೆಟ್ ಗಾರ್ಡನ್', 'ದಿ ಹೇರ್ಸ್' ಬರೆದವರು ಕಿಮ್ ಯುನ್-ಸುಕ್ ಎಂಬ ಹೆಣ್ಣುಮಗಳು. ಅದೇ ಲೇಖಕಿ 2022ರಲ್ಲಿ 'ದಿ ಗ್ಲೋರಿ' ಬರೆದರು. ಶಾಲೆಯಲ್ಲಿ ಹಿಂಸೆ ಕೊಡುವ ಸಾಹುಕಾರರ ಮಕ್ಕಳು ಇಲ್ಲಿ ನಾಯಕರಲ್ಲ, ಅಪರಾಧಿಗಳು. ಗಂಡನಿಂದ ಹೊಡೆಸಿಕೊಳ್ಳುವ ಮನೆಗೆಲಸದವಳೊಬ್ಬಳು ಮಗಳನ್ನು ಉಳಿಸಲು ನಾಯಕಿಯ ಜೊತೆ ಕೈ ಜೋಡಿಸುತ್ತಾಳೆ. ಹದಿಮೂರು ವರ್ಷ ಹಿಂದೆ ಜುನ್-ಪ್ಯೊನ ಕೆಂಪು ಚೀಟಿ ನೋಡಿ ನಕ್ಕವರು ಇದನ್ನು ನೋಡಿ ಹಲ್ಲು ಕಚ್ಚಿದರು. ನೋಡುವವರು ಮಾತಾಡಿದರೆ ಬರೆಯುವವರೂ ಕೇಳಿಸಿಕೊಳ್ಳುತ್ತಾರೆ.

ಆದ್ದರಿಂದ ಗೆಳತಿಯರೇ, ನೋಡುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಸುಮ್ಮನೆ ನೋಡುವುದನ್ನು ಬಿಡಿ. ಮಗಳ ಕೈಯಿಂದ ಮೊಬೈಲು ಕಿತ್ತುಕೊಂಡರೆ ಅವಳು ಕದ್ದು ನೋಡುತ್ತಾಳೆ. ಪಕ್ಕದಲ್ಲಿ ಕೂತು ಕೇಳಿ: ಅವಳು ಬೇಡ ಎಂದಳಲ್ಲ, ಅವನು ಕೇಳಿಸಿಕೊಂಡನೆ? ಇದೇ ಕೆಲಸವನ್ನು ಕೂಲಿಯವನ ಮಗ ಮಾಡಿದ್ದರೆ ಹಾಡು ಬರುತ್ತಿತ್ತೆ, ಪೊಲೀಸರು ಬರುತ್ತಿದ್ದರೆ? ಮದುವೆಯಾಗಿ ಮೂರನೇ ವರ್ಷ ಆ ಕೈ ಎಲ್ಲಿರುತ್ತದೆ? ಸಂಘದ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಒಂದು ದಿನ ಈ ಲೆಕ್ಕವನ್ನೂ ಹಾಕಿ. ನಿಮ್ಮ ಮನೆಯ ಹುಡುಗರನ್ನೂ ಕೂರಿಸಿಕೊಂಡು ಕೇಳಿ. ತಿರುಗಿ ಕೂತು ಉಣ್ಣುವುದನ್ನು ಕಲಿಯಬೇಕಾದವರು ಅವರೇ.

ಅಕ್ಕನ ಮಗಳಿಗೆ ನಾನು ಬುದ್ಧಿ ಹೇಳಲಿಲ್ಲ. ಬಳೆ ಸರಿಸಿ ನನ್ನ ಮುಂಗೈಯ ಗಾಯದ ಕಲೆ ತೋರಿಸಿದೆ. ಇನ್ನೊಮ್ಮೆ ಎಳೆದರೆ "ಬಿಡು" ಎಂದು ಗಟ್ಟಿಯಾಗಿ ಹೇಳು, ಬಿಡುತ್ತಾನೋ ಇಲ್ಲವೋ ನೋಡು, ಅದೇ ಪರೀಕ್ಷೆ ಎಂದೆ. ಹೇಳಿದಳಂತೆ. "ಪ್ರೀತಿಯಿಂದ ತಾನೇ ಹಿಡಿದದ್ದು" ಎಂದು ಅವನು ಇನ್ನೂ ಬಿಗಿಯಾಗಿ ಹಿಡಿದನಂತೆ. ಮದುವೆಯ ಮಾತನ್ನು ಅವಳು ಸದ್ಯಕ್ಕೆ ಮುಂದೆ ಹಾಕಿದ್ದಾಳೆ. ನಿರ್ಧಾರ ಅವಳದು. ಅದು ಏನೇ ಆದರೂ ಅವಳ ಹಿಂದೆ ನಾನು ಇದ್ದೇನೆ, ನಮ್ಮ ಸಂಘದ ಹದಿನಾರು ಜನ ಇದ್ದಾರೆ. ನನ್ನ ಪಂಚಾಯ್ತಿಯ ದಿನ ನನ್ನ ಹಿಂದೆ ಯಾರೂ ಇರಲಿಲ್ಲ.

ಕೈ ಹಿಡಿಯುವವನು ಕೈ ಚಾಚಿ ಕಾಯುತ್ತಾನೆ. ಕೊಡುವುದೂ ಬಿಡುವುದೂ ನಮ್ಮ ಇಷ್ಟ. ಮುಂಗೈ ಹಿಡಿದು ಎಳೆಯುವವನು ಚಿನ್ನ ಕೇಳಲಿ, ಕೇಳದಿರಲಿ, ವರದಕ್ಷಿಣೆ ವಸೂಲಿಗೆ ಬಂದವನೇ. ನಮ್ಮ ಹೆಣ್ಣುಮಕ್ಕಳಿಗೆ ಈ ವ್ಯತ್ಯಾಸ ಹೇಳಿಕೊಡೋಣ.