ಗೇವ್ರಾ ಕಲ್ಲಿದ್ದಲು ಗಣಿ ಮತ್ತು ರಾಷ್ಟ್ರದ ಅರ್ಥವ್ಯವಸ್ಥೆ: ಒಂದು ಅವಲೋಕನ

ಹೊಸ ವಿದ್ಯುತ್ ಸಂಪರ್ಕಕ್ಕಾಗಿ ಅರ್ಜಿ ಸಲ್ಲಿಸುವ ನಾಗರಿಕರು ಠೇವಣಿ, ಮಾಪಕ ಹಾಗೂ ದರಗಳ ಬಗ್ಗೆ ವಿಚಾರಿಸುವುದು ಸಹಜ. ಸದರಿ ವಿದ್ಯುತ್ತಿನ ಮೂಲ ಯಾವುದು, ಅದರ ವೆಚ್ಚ ಏಕೆ ಏರಿಳಿಯುತ್ತದೆ ಎಂಬುದನ್ನು ತಿಳಿದಿರುವುದೂ ಉಪಯುಕ್ತ. 2023-24ರಲ್ಲಿ ದೇಶದಲ್ಲಿ ಉತ್ಪಾದನೆಯಾದ ವಿದ್ಯುತ್ತಿನ ಸುಮಾರು ನಾಲ್ಕನೇ ಮೂರು ಭಾಗ ಕಲ್ಲಿದ್ದಲಿನಿಂದ ದೊರೆತಿರುತ್ತದೆ. ಈ ಅವಲಂಬನೆಯ ಲಾಭ ಮತ್ತು ಅಪಾಯ ಎರಡನ್ನೂ ದೇಶದ ಅತಿ ದೊಡ್ಡ ಕಲ್ಲಿದ್ದಲು ಗಣಿಯಾದ ಗೇವ್ರಾದಲ್ಲಿ ಕಾಣಬಹುದಾಗಿದೆ.

ಗಣಿಯ ವಿವರ

ಛತ್ತೀಸ್‌ಗಢ ರಾಜ್ಯದ ಕೋರ್ಬಾ ಜಿಲ್ಲೆಯಲ್ಲಿರುವ ಈ ತೆರೆದ ಗಣಿಯು 1981ರಲ್ಲಿ ಆರಂಭಗೊಂಡಿತು. ಕೋಲ್ ಇಂಡಿಯಾ ಸಂಸ್ಥೆಯ ಅಂಗವಾದ ಸೌತ್ ಈಸ್ಟರ್ನ್ ಕೋಲ್‌ಫೀಲ್ಡ್ಸ್ ಇದನ್ನು ನಿರ್ವಹಿಸುತ್ತಿದೆ. 2023-24ರಲ್ಲಿ ದೇಶದ ಒಟ್ಟು ಉತ್ಪಾದನೆ ಸುಮಾರು 99.8 ಕೋಟಿ ಟನ್. ಇದರಲ್ಲಿ ಗೇವ್ರಾದ ಪಾಲು 5.9 ಕೋಟಿ ಟನ್. ಅಂದರೆ ಪ್ರತಿ 17 ಟನ್ನಿಗೆ ಒಂದು ಟನ್. ವಾರ್ಷಿಕ 7 ಕೋಟಿ ಟನ್‌ವರೆಗೆ ಉತ್ಪಾದಿಸಲು 2024ರಲ್ಲಿ ಪರಿಸರ ಅನುಮತಿ ನೀಡಲಾಗಿದೆ.

ಇಲ್ಲಿ ದಪ್ಪನೆಯ ಕಲ್ಲಿದ್ದಲು ಪದರಗಳು ನೆಲದ ಮೇಲ್ಮೈಗೆ ಸಮೀಪದಲ್ಲಿವೆ. ಸುರಂಗ ಕೊರೆಯದೆ ಮೇಲ್ಮಣ್ಣನ್ನು ತೆಗೆದು ಬೃಹತ್ ಯಂತ್ರಗಳಿಂದ ಅಗೆಯುವುದರಿಂದ ವೆಚ್ಚ ಕಡಿಮೆ. ಆದರೆ ಈ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚಾಗಿದ್ದು, ದೂರ ಸಾಗಿಸಿದಷ್ಟೂ ಬೂದಿಗೂ ಬಾಡಿಗೆ ತೆತ್ತಂತಾಗುತ್ತದೆ. ಆದ್ದರಿಂದಲೇ 2600 ಮೆಗಾವ್ಯಾಟ್ ಸಾಮರ್ಥ್ಯದ ಕೋರ್ಬಾ ಸ್ಥಾವರವನ್ನು ಗಣಿಗಳ ಸಮೀಪವೇ ಸ್ಥಾಪಿಸಲಾಗಿದೆ.

ಅವಲಂಬನೆಯ ಅಪಾಯ

2019ರ ಸೆಪ್ಟೆಂಬರ್ ಕೊನೆಯಲ್ಲಿ ಲೀಲಾಗರ್ ನದಿಯ ನೀರು ನೆರೆಯ ದೀಪ್ಕಾ ಗಣಿಗೆ ನುಗ್ಗಿ ಉತ್ಪಾದನೆ ಸ್ಥಗಿತಗೊಂಡಿತ್ತು. 2021ರ ಅಕ್ಟೋಬರ್‌ನಲ್ಲಿ ಗಣಿ ಪ್ರದೇಶಗಳ ಮಳೆ, ಕೋವಿಡ್ ನಂತರ ಏರಿದ ಬೇಡಿಕೆ ಹಾಗೂ ಆಮದು ಕಲ್ಲಿದ್ದಲಿನ ದುಬಾರಿ ಬೆಲೆ ಒಟ್ಟಾಗಿ, ದೇಶದ ಸ್ಥಾವರಗಳಲ್ಲಿ ಸರಾಸರಿ ನಾಲ್ಕು ದಿನಗಳ ದಾಸ್ತಾನು ಮಾತ್ರ ಉಳಿದಿತ್ತು.

ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿರುವುದಿಲ್ಲ. 1985ರಲ್ಲಿ ಮೊದಲ ಘಟಕ ಆರಂಭಗೊಂಡ 1720 ಮೆಗಾವ್ಯಾಟ್‌ನ ರಾಯಚೂರು ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ, ಒಡಿಶಾದ ಮಹಾನದಿ ಮುಂತಾದ ಗಣಿ ಪ್ರದೇಶಗಳಿಂದ ರೈಲಿನ ಮೂಲಕ ಪೂರೈಕೆಯಾಗುತ್ತದೆ. ದೊಡ್ಡ ಗಣಿಯೊಂದು ನಿಂತಲ್ಲಿ ಅದನ್ನು ನಂಬಿದ ಸ್ಥಾವರಗಳು ಇತರೆ ಗಣಿಗಳ ಕಲ್ಲಿದ್ದಲಿಗೆ ಮತ್ತು ರೈಲು ವ್ಯಾಗನ್‌ಗಳಿಗೆ ಪೈಪೋಟಿಗಿಳಿಯುತ್ತವೆ. ಹೀಗೆ ದೂರದ ಮಳೆಯ ಪರಿಣಾಮ ನಮ್ಮ ರಾಜ್ಯವನ್ನೂ ತಲುಪುತ್ತದೆ.

ಲೆಕ್ಕಕ್ಕೆ ಬಾರದ ವೆಚ್ಚ

ಗಣಿ ವಿಸ್ತರಣೆಗೆ ಭೂಮಿ ಬೇಕು, ಭೂಮಿಯಲ್ಲಿ ಗ್ರಾಮಗಳಿವೆ. ಕೋಲ್ ಇಂಡಿಯಾದ 2012ರ ಪುನರ್ವಸತಿ ನೀತಿಯಂತೆ ಪ್ರತಿ ಎರಡು ಎಕರೆಗೆ ಒಂದು ಉದ್ಯೋಗ ನೀಡಬಹುದಾಗಿದೆ. ಅರ್ಧ ಎಕರೆಯ ರೈತನಿಗೆ ಹಾಗೂ ಭೂಮಿಯೇ ಇಲ್ಲದ ಕೂಲಿಗೆ ಈ ಲೆಕ್ಕದಲ್ಲಿ ಸ್ಥಾನ ಕಷ್ಟ. ಉದ್ಯೋಗ ಮತ್ತು ಪುನರ್ವಸತಿಗಾಗಿ ಕೋರ್ಬಾದ ನಿರ್ವಸಿತರು ಹಲವು ಬಾರಿ ಧರಣಿ ನಡೆಸಿರುತ್ತಾರೆ. ಕಲ್ಲಿದ್ದಲು ಅಗ್ಗವೆನ್ನುವಾಗ ಈ ವೆಚ್ಚವನ್ನು ಯಾರು ಭರಿಸಿದ್ದಾರೆಂಬುದನ್ನು ಮರೆಯುವಂತಿಲ್ಲ.

ಗ್ರಾಹಕರ ಗಮನಕ್ಕೆ

ವಿದ್ಯುತ್ ಬಿಲ್ಲಿನಲ್ಲಿ ಕಾಣುವ ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ ಶುಲ್ಕವು ಮೇಲ್ಕಂಡ ಏರಿಳಿತಗಳಿಗೆ ಸಂಬಂಧಿಸಿರುತ್ತದೆ. ಇದನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ನಿಯಮಗಳನ್ವಯ ವಿಧಿಸಲಾಗುತ್ತದೆಯೇ ಹೊರತು ಸ್ಥಳೀಯ ಕಚೇರಿಯು ನಿಗದಿಪಡಿಸುವುದಿಲ್ಲ. ಬಿಲ್ಲಿನ ಮೊತ್ತ ಹೆಚ್ಚಾಗಿ ಕಂಡಲ್ಲಿ ಮೊದಲು ಬಳಕೆಯ ಯೂನಿಟ್‌ಗಳನ್ನೂ ನಂತರ ಸದರಿ ಶುಲ್ಕದ ಸಾಲನ್ನೂ ಪರಿಶೀಲಿಸತಕ್ಕದ್ದು. ಉಳಿಸಿದ ಪ್ರತಿ ಯೂನಿಟ್ಟೂ ಅಷ್ಟರಮಟ್ಟಿಗೆ ಗಣಿಯ ಮೇಲಿನ ಅವಲಂಬನೆಯನ್ನು ತಗ್ಗಿಸುತ್ತದೆ.