ಅಸೂಟಿಯ ಹೊಲ ಮತ್ತು ವಿಮಾನದ ನೌಕರಿ

ಹೋದ ವಾರ ಅಸೂಟಿಯ ಕಾಮಗಾರ ಬಂಧುಗಳೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಗದಗಿನ ಹತ್ತಿ ಗಿರಣಿಯಲ್ಲಿ ಅವರದು ಹಮಾಲಿ ಕೆಲಸ. ಊರಲ್ಲಿ ಮೂರೆಕರೆ ಎರಿ ಹೊಲ. ಮಗಳು ರೋಣಕ್ಕೆ ದಿನಾಲು ಬಸ್ಸಿನಲ್ಲಿ ಹೋಗಿ ಬಂದು ವಿಜ್ಞಾನ ವಿಷಯದಲ್ಲಿ ಪಿ.ಯು.ಸಿ. ಪಾಸಾಗಿದ್ದಾಳೆ. ಅವರ ಕೈಯಲ್ಲಿ ಬಣ್ಣದ ಹಸ್ತಪತ್ರಿಕೆಯೊಂದಿತ್ತು. ಆರು ತಿಂಗಳ ಕೋರ್ಸು, ಮುಗಿದ ಮರುದಿನವೇ ವಿಮಾನ ನಿಲ್ದಾಣದಲ್ಲಿ ಖಾತ್ರಿ ನೌಕರಿ, ಫೀ ಎರಡೂವರೆ ಲಕ್ಷ ರೂಪಾಯಿ ಎಂದು ಅದರಲ್ಲಿ ಅಚ್ಚಾಗಿತ್ತು. "ಮಾಸ್ತರ್ರ, ಒಂದ್ ಎಕರೆ ಮಾರಿದ್ರ ಹುಡುಗಿ ಜಲ್ಮ ದಂಡಿಗೆ ಹತ್ತತೈತೇನ್ರಿ?" ಎಂದು ಕೇಳಿದರು.

ಯಾವ ನೌಕರಿ, ಯಾರು ಕೊಡುವವರು, ಪಗಾರ ಎಷ್ಟು ಎಂದು ನಾವು ಕೇಳಿದೆವು. ಹಸ್ತಪತ್ರಿಕೆಯಲ್ಲಿ ಅದಾವುದೂ ಇರಲಿಲ್ಲ. ನಗುವ ಹುಡುಗಿಯ ಚಿತ್ರ, ಹಿಂದೆ ಒಂದು ವಿಮಾನ, ಕೆಳಗೆ ಫೋನ್ ನಂಬರು, ಇಷ್ಟೇ. ಹೊಲ ಮಾರುವ ಮೊದಲು ಎಂಟು ದಿನ ತಡೆಯಿರೆಂದು ಹೇಳಿ ಕಳಿಸಿದೆವು. ಆ ಎಂಟು ದಿನ ಓದಿ, ವಿಚಾರಿಸಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇವೆ. ಇದು ಒಬ್ಬರ ಮನೆಯ ಪ್ರಶ್ನೆಯಲ್ಲ. ಗಿರಣಿಯ ಕಾಮಗಾರರಿಗೂ ಕಿರಾಣಿ ಅಂಗಡಿಯ ಬಂಧುಗಳಿಗೂ ಮಕ್ಕಳಿದ್ದಾರೆ, ಆ ಮಕ್ಕಳಿಗೂ ಆಕಾಶ ಕಾಣುತ್ತದೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾಗ, ಮುಂದೆ ಏನಾಗುವಿ ಎಂದು ಕೇಳಿದ್ದಕ್ಕೆ ಒಬ್ಬ ಹುಡುಗ "ಪೈಲಟ್ ಆಗ್ತೀನ್ರಿ" ಎಂದಿದ್ದ. ವರ್ಗವೆಲ್ಲ ನಕ್ಕಿತು. ನಾವೂ ನಕ್ಕೆವು. ಆ ದಾರಿ ನಮಗೇ ಗೊತ್ತಿರಲಿಲ್ಲ, ಅದಕ್ಕೇ ನಕ್ಕೆವು. ಮಾಸ್ತರನಿಗೆ ಗೊತ್ತಿಲ್ಲದ ದಾರಿಯಲ್ಲಿ ದಲಾಲಿ ಬಂದು ಅಂಗಡಿ ಇಡುತ್ತಾನೆ.

ವಿಮಾನದ ಕೆಲಸವೆಂದರೆ ಎಲ್ಲರ ಕಣ್ಣಿಗೂ ಚಾಲಕನೇ ಕಾಣುತ್ತಾನೆ. ಆದರೆ ಗಿರಣಿಯಲ್ಲಿ ಮಾಲಕ, ಮ್ಯಾನೇಜರ ಇಬ್ಬರೇ ಇರುವದಿಲ್ಲವಷ್ಟೆ? ಫಿಟರು, ಜಾಬರು, ಎಲೆಕ್ಟ್ರಿಶಿಯನ್ನು, ಗುಮಾಸ್ತ, ಹಮಾಲ ಎಲ್ಲರೂ ಸೇರಿಯೇ ಗಿರಣಿ. ವಿಮಾನದ್ದೂ ಹಾಗೆಯೇ. ಹಾರಿಸುವವ ಒಬ್ಬನಾದರೆ ಕಟ್ಟುವವರು, ದುರಸ್ತಿ ಮಾಡುವವರು, ನೆಲದಿಂದ ದಾರಿ ತೋರಿಸುವವರು, ಬೆಂಕಿಯಿಂದ ಕಾಯುವವರು, ಸರಕು ಏರಿಸುವವರು ನೂರಾರು ಜನ. ಬಾಗಿಲು ಒಂದೇ ಅಲ್ಲ.

ಹಾರಿಸುವವರ ಬಾಗಿಲನ್ನೇ ಮೊದಲು ನೋಡೋಣ. ಭೌತಶಾಸ್ತ್ರ, ಗಣಿತ ಓದಿ ಪಿ.ಯು.ಸಿ. ಪಾಸಾಗಿರಬೇಕು. 18 ವರ್ಷ ತುಂಬಿರಬೇಕು. ಕಣ್ಣು, ಕಿವಿ, ಹೃದಯಗಳ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಹವಾಮಾನ, ದಿಕ್ಕು ಹಿಡಿಯುವ ವಿದ್ಯೆ, ಕಾಯಿದೆ, ಯಂತ್ರಜ್ಞಾನ ಇವುಗಳ ಬರಹದ ಪರೀಕ್ಷೆ ಮುಗಿಸಿ ಒಟ್ಟು 200 ತಾಸು ಹಾರಾಟ ಮಾಡಿದವರಿಗೆ ಡಿ.ಜಿ.ಸಿ.ಎ. ಎಂಬ ಕೇಂದ್ರ ಸರಕಾರದ ಇಲಾಖೆ ಲೈಸೆನ್ಸು ಕೊಡುತ್ತದೆ. ಇದರಲ್ಲಿ ಅಸೂಟಿಯ ಹುಡುಗಿಯಿಂದ ಆಗದ್ದು ಏನೂ ಇಲ್ಲ. ಆಗದ್ದು ಒಂದೇ, ಹಣ. ಆ 200 ತಾಸಿಗೆ 40-50 ಲಕ್ಷ ರೂಪಾಯಿ ಬೇಕು, ಕೆಲವು ಕಡೆ ಅದಕ್ಕಿಂತ ಹೆಚ್ಚು. ಕಂಪನಿಯ ದೊಡ್ಡ ವಿಮಾನ ನಡೆಸಲು ಬೇರೆ ತರಬೇತಿ, ಅದಕ್ಕೆ ಮತ್ತೆ ಲಕ್ಷಗಟ್ಟಲೆ. ಮೂರೆಕರೆ ಪೂರ್ತಿ ಮಾರಿದರೂ ಈ ಬಾಗಿಲು ತೆರೆಯುವದಿಲ್ಲ. ಬುದ್ಧಿಗೆ ಇಲ್ಲಿ ಬೀಗವಿಲ್ಲ, ಬಡತನಕ್ಕೆ ಇದೆ. ಈ ಮಾತಿಗೆ ಮುಂದೆ ಬರುತ್ತೇವೆ.

ಎರಡನೆಯದು ದುರಸ್ತಿಯ ಬಾಗಿಲು. ಭೌತ, ರಸಾಯನ, ಗಣಿತ ಓದಿದವರು ಡಿ.ಜಿ.ಸಿ.ಎ. ಮಂಜೂರಾತಿ ಇದ್ದ ಸಂಸ್ಥೆಯಲ್ಲಿ ವಿಮಾನ ನಿರ್ವಹಣೆಯ ಶಿಕ್ಷಣ ಪಡೆದು, ಹ್ಯಾಂಗರಿನಲ್ಲಿ ಕೈಕೆಲಸ ಕಲಿತು ಲೈಸೆನ್ಸು ಪಡೆಯಬಹುದು. ಇಂಜಿನ್ನು, ಒಡಲು ನೋಡುವವರದು ಒಂದು ಲೈಸೆನ್ಸು, ವಿದ್ಯುತ್ತು ಹಾಗೂ ರೇಡಿಯೋ ಯಂತ್ರ ನೋಡುವವರದು ಇನ್ನೊಂದು. ಇಂಥ ಲೈಸೆನ್ಸುದಾರನ ಸಹಿ ಇಲ್ಲದೆ ದುರಸ್ತಿಯಾದ ವಿಮಾನ ನೆಲ ಬಿಡುವಂತಿಲ್ಲ. ಇಲ್ಲಿಯೂ ಫೀ ಲಕ್ಷಗಳಲ್ಲಿದೆ, ಮೋಸವೂ ಇದೆ. ಸಂಸ್ಥೆಯ ಹೆಸರು ಡಿ.ಜಿ.ಸಿ.ಎ. ಯಾದಿಯಲ್ಲಿ ಇದೆಯೋ ಇಲ್ಲವೋ ಎಂದು ನೋಡದೆ ಬಿಡಿಗಾಸನ್ನೂ ಕೊಡಬಾರದು.

ಮೂರನೆಯ ಬಾಗಿಲಿನ ಸುದ್ದಿ ನಮ್ಮ ಕಡೆ ಬಹಳ ಜನಕ್ಕೆ ತಲುಪಿಯೇ ಇಲ್ಲ. ಯಾವ ವಿಮಾನ ಎಷ್ಟು ಎತ್ತರದಲ್ಲಿ ಹೋಗಬೇಕು, ಯಾವುದು ಮೊದಲು ಇಳಿಯಬೇಕು ಎಂದು ನೆಲದಿಂದ ಹೇಳುವವರು ವಿಮಾನ ಸಂಚಾರ ನಿಯಂತ್ರಕರು. ಇವರನ್ನು ನೇಮಿಸುವದು ಕೇಂದ್ರ ಸರಕಾರದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಇದಕ್ಕೆ ಭೌತಶಾಸ್ತ್ರ, ಗಣಿತ ಸಹಿತ ಬಿ.ಎಸ್ಸಿ. ಸಾಕು. ಇಂಜಿನಿಯರಿಂಗ್ ಪದವಿಯೂ ನಡೆಯುತ್ತದೆ. ಈವರೆಗಿನ ಪ್ರಕಟಣೆಗಳಲ್ಲಿ ವಯಸ್ಸಿನ ಮಿತಿ 27. ಪರಿಶಿಷ್ಟರಿಗೂ ಹಿಂದುಳಿದವರಿಗೂ ಸಡಿಲಿಕೆ ಇತ್ತು. ಹೆಣ್ಣುಮಕ್ಕಳಿಗೆ ಅರ್ಜಿ ಶುಲ್ಕ ಇರಲಿಲ್ಲ. ಬರಹದ ಪರೀಕ್ಷೆ, ಧ್ವನಿ ಪರೀಕ್ಷೆ ಪಾಸಾದವರಿಗೆ ಪ್ರಯಾಗರಾಜದಂಥ ಕಡೆ ಸರಕಾರವೇ ತರಬೇತಿ ಕೊಡುತ್ತದೆ. ನಮ್ಮ ಜಿಲ್ಲೆಯ ಡಿಗ್ರಿ ಕಾಲೇಜಿನಲ್ಲಿ ಓದಿ ಈ ಬಾಗಿಲಿಗೆ ಹೋಗಬಹುದು. ಹೊಲ ಮಾರಬೇಕಾಗಿಲ್ಲ. ಬೇಕಾದದ್ದು ಮೂರು ವರ್ಷದ ಓದು ಮತ್ತು ಗಟ್ಟಿ ಇಂಗ್ಲಿಷು.

ನಾಲ್ಕನೆಯದು ಕಟ್ಟುವವರ ಬಾಗಿಲು. ಬೆಂಗಳೂರಿನ ಹಿಂದೂಸ್ಥಾನ ವಿಮಾನ ಕಾರಖಾನೆ 1940ರ ಡಿಸೆಂಬರಿನಲ್ಲಿ ಹುಟ್ಟಿತು. ವಾಲಚಂದ ಹೀರಾಚಂದರು ಮುಂದಾದರು, ಮೈಸೂರು ಸರಕಾರ ಜಮೀನನ್ನೂ ಬಂಡವಾಳವನ್ನೂ ಕೊಟ್ಟಿತು, ಮುಂದೆ ಅದು ರಾಷ್ಟ್ರದ ಸ್ವತ್ತಾಯಿತು. ಘಾಟಗೆಯವರು ರಚಿಸಿದ ಎಚ್.ಟಿ.-2 ತರಬೇತಿ ವಿಮಾನ 1951ರಲ್ಲಿ ಅಲ್ಲಿಂದಲೇ ಹಾರಿತು. 2023ರ ಫೆಬ್ರುವರಿಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಹೆಲಿಕಾಪ್ಟರ್ ಕಾರಖಾನೆ ಉದ್ಘಾಟನೆಯಾಯಿತು. ಐ.ಟಿ.ಐ.ಯಲ್ಲಿ ಫಿಟರ್, ಟರ್ನರ್, ಮಶಿನಿಸ್ಟ್, ಎಲೆಕ್ಟ್ರಿಶಿಯನ್ ಕಲಿತವರನ್ನು ಎಚ್.ಎ.ಎಲ್. 1961ರ ಕಾಯಿದೆಯ ಪ್ರಕಾರ ಅಪ್ರೆಂಟಿಸ್ ಎಂದು ತೆಗೆದುಕೊಳ್ಳುತ್ತದೆ; ಕಲಿಯುವಾಗಲೇ ಅಲ್ಪಸ್ವಲ್ಪ ಭತ್ತೆ ಸಿಗುತ್ತದೆ. ಅಪ್ರೆಂಟಿಸ್ ಆದವರಿಗೆಲ್ಲ ಕಾಯಂ ನೌಕರಿ ಸಿಗುವದಿಲ್ಲ, ಇದನ್ನು ಮುಚ್ಚಿಡಬಾರದು. ಆದರೆ ಅಲ್ಲಿ ಕಲಿತ ಕೈಗೆ ಎಲ್ಲ ಕಡೆಯೂ ಬೆಲೆ ಇದೆ.

ಐದನೆಯದು ವಾಯುಸೇನೆ. ನಮ್ಮ ನೆರೆಯ ಬೆಳಗಾವಿಯ ಸಾಂಬ್ರಾದಲ್ಲಿಯೇ ಅದರ ತರಬೇತಿ ಶಾಲೆ ಇದೆ. 2022ರಿಂದ ಅಗ್ನಿವೀರರೆಂದು ಸೇರುವ ಹುಡುಗರಿಗೆ ಸೇವೆ ನಾಲ್ಕೇ ವರ್ಷ; ಆಮೇಲೆ ಕಾಯಂ ಆಗಿ ಉಳಿಯುವವರು ನೂರಕ್ಕೆ 25ರವರೆಗೆ ಮಾತ್ರ. ಉಳಿದ 75 ಜನರ ಚಿಂತೆ ಯಾರದು ಎಂದು ನಾವು ಕೇಳುತ್ತಲೇ ಇರುತ್ತೇವೆ. ಆದರೂ ಹೋಗುವ ಹುಡುಗ ಲೆಕ್ಕ ತಿಳಿದು ಹೋಗಲಿ.

ಹಾಗಾದರೆ ಆ ಹಸ್ತಪತ್ರಿಕೆಯ ಆರು ತಿಂಗಳ ಕೋರ್ಸು ಯಾವ ಬಾಗಿಲಿನದು? ಯಾವುದರದೂ ಅಲ್ಲ. ಟಿಕೀಟು ನೋಡುವ, ಸಾಮಾನು ತೂಗುವ ಕೆಲಸಕ್ಕೆ ಕಂಪನಿಗಳು ಬೇಕಾದಾಗ ತಾವೇ ಜನರನ್ನು ಆರಿಸಿ ತಾವೇ ಕಲಿಸುತ್ತವೆ. ನಾವು ಯಾರಿಂದಲೂ ನೌಕರಿಗಾಗಿ ಹಣ ಪಡೆಯುವದಿಲ್ಲವೆಂದು ವಿಮಾನ ಕಂಪನಿಗಳೇ ಅನೇಕ ಸಲ ಪ್ರಕಟಣೆ ಹೊರಡಿಸಿವೆ. ಖಾತ್ರಿ ನೌಕರಿ ಎಂದವನಿಗೆ ಖಾತ್ರಿಯನ್ನು ಬರೆದು ಕೊಡು ಎನ್ನಿರಿ. ಅಲ್ಲಿಗೇ ಅವನ ಮಾತು ನಿಲ್ಲುತ್ತದೆ.

ಇನ್ನೊಂದು ಮಾತು. ಬಣ್ಣದ ಸಮವಸ್ತ್ರ ತೊಟ್ಟವರೂ ಕಾಮಗಾರರೇ. ಕಿಂಗ್‌ಫಿಶರ್ ಕಂಪನಿ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ ನಿಂತಾಗ ಅವರಿಗೆ ತಿಂಗಳುಗಟ್ಟಲೆ ಪಗಾರ ಬಾಕಿ ಇತ್ತು. ಬಾಗಿಲು ಹಾಕಿದ ಗಿರಣಿಯ ಕಾಮಗಾರರ ಗತಿಯೇ ಅವರದೂ ಆಯಿತು. 1980-81ರಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾಮಗಾರರು 77 ದಿನ ಮುಷ್ಕರ ಹೂಡಿದಾಗ ಎಚ್.ಎ.ಎಲ್. ಬಂಧುಗಳೂ ಅದರಲ್ಲಿದ್ದರು, 2019ರ ಅಕ್ಟೋಬರಿನಲ್ಲಿ ಪಗಾರದ ಪ್ರಶ್ನೆಗೆ ಮತ್ತೆ ಹೊರಬಂದರು. 2025ರ ಡಿಸೆಂಬರಿನಲ್ಲಿ ದೇಶದ ಅತಿ ದೊಡ್ಡ ವಿಮಾನ ಕಂಪನಿಯ ಸಾವಿರಾರು ಹಾರಾಟ ರದ್ದಾದದ್ದು ಏಕೆ? ಚಾಲಕರಿಗೆ ಹೆಚ್ಚು ವಿಶ್ರಾಂತಿ ಕೊಡಬೇಕೆಂಬ ನಿಯಮ ಬಂದರೂ ಸಾಕಷ್ಟು ಚಾಲಕರನ್ನು ಇಟ್ಟುಕೊಂಡಿರಲಿಲ್ಲ. ರಾತ್ರಿ ಪಾಳಿಯ ಕಷ್ಟ ಬಲ್ಲ ಗಿರಣಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮಕ್ಕಳು ಆ ಕೆಲಸಕ್ಕೆ ಹೋದರೆ ಸಂಘವನ್ನು ಮರೆಯಬಾರದು.

ಈಗ ಬೀಗದ ಮಾತಿಗೆ ಬರೋಣ. ಹಾಸನ ಜಿಲ್ಲೆಯ ಗೊರೂರಿನ ಹಳ್ಳಿಯ ಹುಡುಗ ಜಿ. ಆರ್. ಗೋಪಿನಾಥರು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ ಸಾಮಾನ್ಯರನ್ನು ವಿಮಾನ ಹತ್ತಿಸಿದರೆಂದು ಎಲ್ಲರೂ ಹೊಗಳುತ್ತಾರೆ. ಹೊಗಳಲಿ. ಆದರೆ ಮಾಸ್ತರರ ಆ ಮಗ ಓದಿದ್ದು ಯಾರ ಖರ್ಚಿನಲ್ಲಿ? ವಿಜಾಪುರದ ಸೈನಿಕ ಶಾಲೆ, ಆಮೇಲೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಎರಡೂ ಸಾರ್ವಜನಿಕರ ಹಣದಿಂದ ನಡೆದವು. ಹಳ್ಳಿಯ ಬುದ್ಧಿಗೆ ಸರಕಾರದ ಆಸರೆ ಸಿಕ್ಕರೆ ಏನಾಗುವದೆಂಬುದಕ್ಕೆ ಅವರೇ ಸಾಕ್ಷಿ. ಒಬ್ಬರಿಗೆ ಸಿಕ್ಕದ್ದು ನೂರು ಜನಕ್ಕೆ ಏಕೆ ಸಿಗಬಾರದು?

ನಮ್ಮ ರಾಜ್ಯದ ಸರಕಾರಿ ಹಾರಾಟ ಶಾಲೆ ಬೆಂಗಳೂರಿನ ಜಕ್ಕೂರಿನಲ್ಲಿ ಸ್ವಾತಂತ್ರ್ಯ ಬಂದ ಹೊಸತರಲ್ಲಿಯೇ ಆರಂಭವಾಯಿತು. ಬೋಧಕರ ಕೊರತೆಯಿಂದ ಅದು ಕುಂಟುತ್ತ ಬಂದಿತು. 2021ರಲ್ಲಿ ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲಿ ಖಾಸಗಿ ಹಾರಾಟ ಶಾಲೆಗಳಿಗೆ ಜಾಗ ಮಂಜೂರಾಯಿತು. ನಿಲ್ದಾಣ ಜನರ ಹಣದ್ದು, ಫೀ ಮಾತ್ರ ಶ್ರೀಮಂತರಿಗೆ ನಿಲುಕುವಂಥದು! ಆದುದರಿಂದ ನಮ್ಮ ಬೇಡಿಕೆ ಮೂರು. ಜಕ್ಕೂರಿನ ಶಾಲೆಯನ್ನು ಪೂರ್ಣ ಬೋಧಕರೊಡನೆ ನಡೆಸಬೇಕು. ಸರಕಾರಿ ಜಾಗದಲ್ಲಿ ನಡೆಯುವ ಪ್ರತಿ ಹಾರಾಟ ಶಾಲೆಯಲ್ಲಿ ಕಾಮಗಾರರ, ಸಣ್ಣ ರೈತರ ಮಕ್ಕಳಿಗೆ ಫೀ ಇಲ್ಲದ ಜಾಗಗಳನ್ನು ಕಾದಿಡಬೇಕು. ತಾಲೂಕಿನ ಪ್ರತಿ ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷಿನ ಮಾಸ್ತರರ ಖಾಲಿ ಜಾಗಗಳನ್ನು ತುಂಬಬೇಕು. ಮೂರರಲ್ಲಿ ದೊಡ್ಡದು ಕೊನೆಯದು. ಏಕೆಂದರೆ ಮೇಲೆ ಹೇಳಿದ ಬಾಗಿಲುಗಳಿಗೆಲ್ಲ ಕೀಲಿಕೈ ಅಲ್ಲಿಯೇ ಇದೆ.

ಅಸೂಟಿಯ ಬಂಧುಗಳು ಮೊನ್ನೆ ಸೋಮವಾರ ಮಗಳನ್ನು ಕರೆದುಕೊಂಡು ಬಂದರು. ನಾವು ಇಷ್ಟನ್ನೂ ಹೇಳಿದೆವು. ಹುಡುಗಿ ತಲೆ ತಗ್ಗಿಸಿ ಎಲ್ಲ ಕೇಳಿ, "ಸರ್, ಬಿ.ಎಸ್ಸಿ. ಮಾಡೀನಿ ಅಂದ್ರ ಆ ನಿಯಂತ್ರಕರ ಪರೀಕ್ಷೆಗೆ ಇಲ್ಲಿಂದನ ಅರ್ಜಿ ಹಾಕಬಹುದೇನ್ರಿ?" ಎಂದಳು. ಹಾಕಬಹುದು ತಂಗಿ ಎಂದೆವು. ತಂದೆ ಹಸ್ತಪತ್ರಿಕೆಯನ್ನು ಮಡಚಿ ನಮ್ಮ ಮೇಜಿನ ಮೇಲೆ ಇಟ್ಟು, "ಹಂಗಾರ ಹೊಲ ಇರಲಿ ಬಿಡ್ರಿ" ಎಂದರು.

ಹುಡುಗಿ ಗೆದ್ದೇ ಗೆಲ್ಲುತ್ತಾಳೆಂದು ನಾವು ಖಾತ್ರಿ ಕೊಡುವದಿಲ್ಲ. ಖಾತ್ರಿ ಕೊಡುವದು ದಲಾಲಿಯ ಕೆಲಸ. ಪರೀಕ್ಷೆ ಕಠಿಣ, ಜಾಗ ಕಡಿಮೆ, ಬರೆಯುವವರು ಬಹಳ. ಆದರೆ ಸೋತರೂ ಅವಳ ಕೈಯಲ್ಲಿ ಪದವಿ ಇರುವದು, ಮನೆಯ ಹೊಲ ಮನೆಯಲ್ಲೇ ಇರುವದು. ಓದುಗ ಬಂಧುಗಳೇ, ನಿಮ್ಮ ಮನೆಗೂ ಇಂಥ ಹಸ್ತಪತ್ರಿಕೆ ಬಂದರೆ ದುಡ್ಡು ಎಣಿಸುವ ಮೊದಲು ನಮ್ಮ ಕಚೇರಿಗೆ ತನ್ನಿರಿ. ಕೂಡಿ ಕುಳಿತು ಓದೋಣ. ಮತ್ತು ನಿಮ್ಮ ಮಗ ಪೈಲಟ್ ಆಗುವೆನೆಂದರೆ ದಯವಿಟ್ಟು ನಗಬೇಡಿರಿ.